ಸೋದೆಯ ಅರಸರು ನಂಬಿದ ಮಿತ್ರರು

ಸೋದೆಯ ಅರಸರಿಗೆ ಘಟ್ಟದ ಮೇಲೆ ಕಾಳುಮೆಣಸಿತ್ತು, ಘಟ್ಟದ ಕೆಳಗೆ ಬಂದರಿತ್ತು. ಇವೆರಡೂ ಇದ್ದವರನ್ನು ಹುಡುಕಿಕೊಂಡು ಗೆಳೆಯರು ಬರುತ್ತಾರೆ, ಹಗೆಗಳೂ ಬರುತ್ತಾರೆ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ದಾರಿಯ ಬಳಿ, ಶಾಲ್ಮಲಾ ನದಿಯ ಆಸುಪಾಸಿನಲ್ಲಿ, ಇಂದು ಅಡಿಕೆ ತೋಟ ಮತ್ತು ಕಾಡಿನ ನಡುವೆ ಮುರುಕು ಕೋಟೆಯಾಗಿ ಉಳಿದಿರುವ ಈ ಊರು ಇನ್ನೂರು ವರ್ಷ ಒಂದು ರಾಜ್ಯದ ರಾಜಧಾನಿಯಾಗಿತ್ತು. ಮಾಧ್ವ ಯತಿ ವಾದಿರಾಜರಿಗೆ ನೆಲೆ ಕೊಟ್ಟ ಅರಸಪ್ಪ ನಾಯಕನ ವಂಶ ಅದು. ಆ ವಂಶದ ಕೊನೆಯ ಅರಸ 1763ರ ಕೊನೆಯಲ್ಲಿ, ಹೈದರಾಲಿಯ ಸೇನಾನಿ ಫಜಲುಲ್ಲಾ ಖಾನನ ದಂಡು ಬಂದಾಗ, ಸಂಸಾರ ಕಟ್ಟಿಕೊಂಡು ಗೋವೆಗೆ ಓಡಿದ. ಆಶ್ರಯ ಕೊಟ್ಟವರು ಪೋರ್ಚುಗೀಸರು. ಅದಕ್ಕೆ ಹನ್ನೊಂದು ವರ್ಷ ಮೊದಲು, 1752ರಲ್ಲಿ, ಇದೇ ಪೋರ್ಚುಗೀಸರು ಇದೇ ಸೋದೆಯ ಸದಾಶಿವಗಡ ಕೋಟೆಯ ಮೇಲೆ ನೌಕಾಪಡೆ ಕಳಿಸಿ ಅದನ್ನು ಹಿಡಿದಿದ್ದರು.

ಆಶ್ರಯ ಬಿಟ್ಟಿ ಸಿಗಲಿಲ್ಲ. ಘಟ್ಟದ ಕೆಳಗಿನ ಪೋಂಡಾ, ಸಾಂಗೆ, ಕೆಪೆ, ಕಾಣಕೋಣ ಸೀಮೆಗಳು 1763–64ರಲ್ಲಿ ಪೋರ್ಚುಗೀಸರ ಕೈಗೆ ಹೋದವು. ಅರಸನಿಗೆ ಸಿಕ್ಕಿದ್ದು ಜೀವನಾಂಶ, ಮತ್ತು ಪೋಂಡಾ ಸಮೀಪದ ನಾಗೇಶಿಯ ಬಾಂದಿವಡೆಯಲ್ಲಿ ವಾಸ. ರಕ್ಷಣೆಗೆಂದು ಒಪ್ಪಿಸಿದ ನೆಲದ ಮೇಲಿನ ಹಕ್ಕನ್ನು 1791ರಲ್ಲಿ ಬರಹದಲ್ಲೂ ಬಿಟ್ಟುಕೊಟ್ಟದ್ದಾಯಿತು. ಅಲ್ಲಿನ ಜನರ ದೇವಸ್ಥಾನಗಳಿಗೂ ರೂಢಿಗಳಿಗೂ ಕೈ ಹಾಕುವುದಿಲ್ಲ ಎಂಬ ಪೋರ್ಚುಗೀಸರ ಭರವಸೆ ಮಾತ್ರ ಹೆಚ್ಚುಮಟ್ಟಿಗೆ ಉಳಿಯಿತು. ನಮ್ಮ ಕಡೆಯಿಂದ ಗೋವೆಯ ದೇವಸ್ಥಾನ ನೋಡಲು ಹೋಗುವ ಬಸ್ಸುಗಳು ನಿಲ್ಲುವ ಪೋಂಡಾ ಒಂದು ಕಾಲಕ್ಕೆ ಸೋದೆಯದೇ ಸೀಮೆಯಾಗಿತ್ತು ಎಂಬುದು ಬಸ್ಸಿನಲ್ಲಿರುವ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಈ ಕಥೆಯನ್ನು ಈಗ ತೆಗೆಯಲು ಕಾರಣವಿದೆ. ಒಬ್ಬರ ಮೇಲೆ ಬಿದ್ದ ಪೆಟ್ಟು ಎಲ್ಲರ ಮೇಲೆ ಬಿದ್ದಂತೆ ಎಂಬ ಮಾತಿನ ಮೇಲೆ 1949ರಲ್ಲಿ ಕಟ್ಟಿದ ನ್ಯಾಟೊ ಕೂಟದಲ್ಲಿ ಈಗ 32 ದೇಶಗಳಿವೆ. ಉಕ್ರೇನ್ ಯುದ್ಧದ ಬೆದರಿಕೆಗೆ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಒಳಗೆ ಬಂದವು. ಹೊರಗಿನಿಂದ ನೋಡಿದರೆ ಕೂಟ ಹಿಂದೆಂದಿಗಿಂತ ದೊಡ್ಡದು. ಒಳಗಿನ ಸ್ಥಿತಿಯೇ ಬೇರೆ. ಕೂಟದ ಯಜಮಾನನ ಸ್ಥಾನದಲ್ಲಿರುವ ಅಮೆರಿಕದ ಅಧ್ಯಕ್ಷರು, ಅದೇ ಕೂಟದ ಸದಸ್ಯ ದೇಶವಾದ ಡೆನ್ಮಾರ್ಕಿನ ಅಧೀನದಲ್ಲಿರುವ ಗ್ರೀನ್‌ಲ್ಯಾಂಡ್ ತಮಗೆ ಬೇಕು ಎಂದು ಮತ್ತೆ ಮತ್ತೆ ಹೇಳಿದ್ದಾರೆ. ನ್ಯಾಟೊದ ಐದನೇ ಕಲಮನ್ನು ಇಷ್ಟು ವರ್ಷಗಳಲ್ಲಿ ಜಾರಿಗೆ ತಂದದ್ದು ಒಂದೇ ಸಲ, 2001ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಮೇಲೆ ದಾಳಿಯಾದಾಗ. ಆಗ ಅಫ್ಘಾನಿಸ್ತಾನಕ್ಕೆ ಸೈನಿಕರನ್ನು ಕಳಿಸಿ, ನಲವತ್ತಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡ ಪುಟ್ಟ ದೇಶ ಡೆನ್ಮಾರ್ಕ್. ಕಾಪಾಡುವವನೇ ನೆಲ ಕೇಳಿದಾಗ ಏನು ಮಾಡಬೇಕು ಎಂಬ ಪ್ರಶ್ನೆ ಸೋದೆಗೆ ಹೊಸದಲ್ಲ.

ಸೋದೆಯ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದು ಯಾವತ್ತೂ ಪೂರ್ತಿ ಸ್ವತಂತ್ರವಾಗಿರಲಿಲ್ಲ, ಪೂರ್ತಿ ಅಧೀನವೂ ಆಗಿರಲಿಲ್ಲ. ಮೊದಲು ವಿಜಯನಗರದ ನೆರಳು. 1565ರ ಯುದ್ಧದ ನಂತರ ವಿಜಾಪುರದ ಆದಿಲಶಾಹಿ. ಆಮೇಲೆ ಮೊಗಲರು, ಮರಾಠರು. ಯಾರು ಬಲಿತರೆ ಅವರಿಗೆ ಕಪ್ಪ ಕೊಟ್ಟು, ಮೆಣಸಿನ ವ್ಯಾಪಾರವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುವುದು ಅದರ ರೀತಿ. ಕಾರವಾರದಲ್ಲಿ ಇಂಗ್ಲಿಷರ ಕೋಠಿ 17ನೇ ಶತಮಾನದಲ್ಲಿ ತಲೆಯೆತ್ತಿದ್ದು ಮುಖ್ಯವಾಗಿ ಈ ಮೆಣಸಿನ ಆಸೆಗೆ. ಅರಸರು ಅವರನ್ನು ವ್ಯಾಪಾರಕ್ಕೆ ಬಿಟ್ಟರು, ಆದರೆ ತಲೆಯ ಮೇಲೆ ಕೂರಿಸಿಕೊಳ್ಳಲಿಲ್ಲ. 1715ರಲ್ಲಿ ಕಾಳಿ ನದಿಯ ಮುಖದಲ್ಲಿ ಸದಾಶಿವಗಡವನ್ನು ಕಟ್ಟಿದ್ದು, ಒಡೆದ ಹಡಗಿನ ಮಾಲು ಯಾರದು ಎಂಬ ಜಗಳದಲ್ಲಿ ಇಂಗ್ಲಿಷರ ಕೋಠಿಗೆ ಮುತ್ತಿಗೆ ಹಾಕಿದ್ದು ಇದೇ ಸೋದೆಯವರು. ಒಂದು ಸಣ್ಣ ರಾಜ್ಯ ನಾಲ್ಕು ದೊಡ್ಡವರ ನಡುವೆ ಬದುಕಿ, ವೈಷ್ಣವ ಮಠ, ಸ್ಮಾರ್ತ ಮಠ, ಜೈನ ಮಠ ಮೂರನ್ನೂ ಸಾಕಿ, ಶಾಲ್ಮಲೆಯ ಬಂಡೆಗಳ ಮೇಲೆ ಸಹಸ್ರಲಿಂಗ ಕೆತ್ತಿಸುವಷ್ಟು ನೆಮ್ಮದಿ ಪಡೆದದ್ದು ಸಣ್ಣ ಸಾಧನೆಯಲ್ಲ. ಈ ಅರಸರ ಬಗ್ಗೆ ನನಗೆ ನಿಜವಾದ ಗೌರವವಿದೆ.

ಅವರು ಸೋತದ್ದು ಎಲ್ಲಿ? ಬಿದನೂರು ಬಿದ್ದಾಗ.

ಕೆಳದಿಯ ನಾಯಕರ ರಾಜಧಾನಿ ಬಿದನೂರನ್ನು ಹೈದರಾಲಿ 1763ರ ಆರಂಭದಲ್ಲಿ ಹಿಡಿದ. ಅವನಿಗೆ ದಾರಿ ತೋರಿಸಿದವರು ಹೊರಗಿನವರಲ್ಲ. ಬಿದನೂರಿನ ಗಾದಿಗೆ ತಾನೇ ಹಕ್ಕುದಾರ ಎಂದು ಹೇಳಿಕೊಂಡ ಯುವಕನೊಬ್ಬನನ್ನು ಹೈದರನ ಬಳಿಗೆ ತಂದದ್ದು ಚಿತ್ರದುರ್ಗದ ನಾಯಕ. ರಾಣಿ ವೀರಮ್ಮಾಜಿ ಸೆರೆಯಾದಳು, ಯುವಕನಿಗೆ ಗಾದಿ ಸಿಗಲಿಲ್ಲ, ಮತ್ತು ಹದಿನಾರು ವರ್ಷಗಳ ನಂತರ, 1779ರಲ್ಲಿ, ಚಿತ್ರದುರ್ಗವೂ ಹೈದರನ ಪಾಲಾಯಿತು. ಕೆಳದಿಗೂ ಸೋದೆಗೂ ಗಡಿ ಜಗಳ ತಲೆಮಾರುಗಳಿಂದ ನಡೆದುಕೊಂಡು ಬಂದಿತ್ತು. ನೆರೆಯವನ ಕೋಟೆ ಉರುಳುವುದನ್ನು ಸೋದೆ ತನ್ನದೇ ಆಪತ್ತು ಎಂದು ತಿಳಿದು ಎದ್ದು ನಿಂತದ್ದಕ್ಕೆ ಗುರುತಿಲ್ಲ. ವರ್ಷ ಮುಗಿಯುವುದರೊಳಗೆ ದಂಡು ಸೋದೆಯ ಬಾಗಿಲಿಗೆ ಬಂತು. ಸಿದ್ದಾಪುರದ ಕಡೆಯ ಬಿಳಗಿಯ ಅರಸುಮನೆಯೂ ಆ ಅಲೆಯಲ್ಲಿ ಉಳಿಯಲಿಲ್ಲ.

ಬಿಳಗಿಯದು ಇನ್ನೂ ಹಳೆಯ ಕಥೆ. ಸಿದ್ದಾಪುರದಿಂದ ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. 1570ರಲ್ಲಿ ವಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಯ ಸಾಮೂದಿರಿ ಸೇರಿ ಪೋರ್ಚುಗೀಸರ ವಿರುದ್ಧ ಏಕಕಾಲಕ್ಕೆ ಎದ್ದಾಗ, ಹೊನ್ನಾವರದ ಕಡೆಯಲ್ಲಿ ಈ ರಾಣಿಯೂ ಕೈ ಜೋಡಿಸಿದ್ದಳು. ಪಶ್ಚಿಮ ಕರಾವಳಿ ಕಂಡ ದೊಡ್ಡ ಸಾಮೂಹಿಕ ಪ್ರಯತ್ನಗಳಲ್ಲಿ ಒಂದು ಅದು. ಗೋವೆಯ ಮುತ್ತಿಗೆ ಗೆಲ್ಲಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಸಂಧಿ ಮಾಡಿಕೊಂಡು ಮನೆಗೆ ಹೋದರು. ಆಮೇಲೆ 1606ರ ಹೊತ್ತಿಗೆ ರಾಣಿಯನ್ನು ಮುಗಿಸಿದವರು ಪೋರ್ಚುಗೀಸರಲ್ಲ. ಕೆಳದಿ ಮತ್ತು ಬಿಳಗಿ ನೆಂಟಸ್ತನ ಮಾಡಿಕೊಂಡು, ಕೂಡಿ ಗೇರುಸೊಪ್ಪೆಯ ಮೇಲೆ ಬಿದ್ದವು. 1623ರಲ್ಲಿ ಆ ದಾರಿಯಲ್ಲಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಂಡದ್ದು ಮರ ಬೆಳೆದು ಹಾಳಾದ ನಗರವನ್ನು. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಬೇಕಾದದ್ದು ಒಂದೇ, ಮೆಣಸಿನ ದಾರಿ ಸುರಕ್ಷಿತವಾಗಿರುವುದು. ಅದಕ್ಕಾಗಿ ಒಟ್ಟಿಗೆ ನಿಲ್ಲುವ ಬದಲು ಅದಕ್ಕಾಗಿಯೇ ಬಡಿದಾಡಿದರು.

ಹಾಗೆಂದು ಹೈದರನೇನು ಮಿತ್ರರ ವಿಷಯದಲ್ಲಿ ಅದೃಷ್ಟವಂತನಲ್ಲ. ಇಂದಿನ ಸಾಮೂಹಿಕ ರಕ್ಷಣೆಯ ಒಪ್ಪಂದಗಳನ್ನು ಅರ್ಥ ಮಾಡಿಕೊಳ್ಳಲು ನಮ್ಮ ನಾಡಿನಲ್ಲೇ ಅತ್ಯಂತ ಸ್ಪಷ್ಟವಾದ ಉದಾಹರಣೆ ಅವನದು. 1769ರ ಏಪ್ರಿಲ್‌ನಲ್ಲಿ ಮದರಾಸಿನ ಬಾಗಿಲವರೆಗೆ ಕುದುರೆ ಓಡಿಸಿ, ಈಸ್ಟ್ ಇಂಡಿಯಾ ಕಂಪನಿಯಿಂದ ಅವನು ಬರೆಸಿಕೊಂಡ ಸಂಧಿಯಲ್ಲಿ, ಒಬ್ಬರ ಮೇಲೆ ಬೇರೆಯವರು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬ ಕರಾರಿತ್ತು. ಮರುವರ್ಷವೇ ಮರಾಠರು ಬಂದರು. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಬಳಿ, ಚಿನಕುರಳಿಯಲ್ಲಿ, ಹೈದರನ ಸೈನ್ಯ ನುಚ್ಚುನೂರಾಯಿತು. ಅವನು ಮದರಾಸಿಗೆ ಪತ್ರದ ಮೇಲೆ ಪತ್ರ ಬರೆದ. ಕಂಪನಿಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಕಂಪನಿಗೆ ಮರಾಠರೊಡನೆ ಯುದ್ಧ ಬೇಡವಾಗಿತ್ತು, ಬಲಿತ ಮೈಸೂರಿಗಿಂತ ಬಡವಾದ ಮೈಸೂರೇ ವಾಸಿಯಾಗಿತ್ತು. ಈ ಗಾಯವನ್ನು ಹೈದರ್ ಮರೆಯಲಿಲ್ಲ. 1780ರಲ್ಲಿ ನಿಜಾಮ, ಮರಾಠರನ್ನು ಜೊತೆಗೆ ಕಟ್ಟಿಕೊಂಡು ಕಂಪನಿಯ ಮೇಲೆ ಎದ್ದ. 1782ರಲ್ಲಿ ಮರಾಠರು ಸಾಲ್ಬಾಯಿಯಲ್ಲಿ ಬೇರೆ ಸಂಧಿ ಮಾಡಿಕೊಂಡರು. ಎಂಟು ವರ್ಷ ಕಳೆದು 1790ರಲ್ಲಿ ಅದೇ ಮರಾಠರು, ಅದೇ ನಿಜಾಮ, ಕಂಪನಿಯ ಜೊತೆ ಸೇರಿ ಟಿಪ್ಪುವಿನ ಮೇಲೆ ಬಂದರು. ಅದರಲ್ಲಿ ಗೆದ್ದು ಪಾಲು ಪಡೆದ ನಿಜಾಮನ ಮೇಲೆ 1795ರಲ್ಲಿ ಖರ್ಡಾದಲ್ಲಿ ಮರಾಠರು ಬಿದ್ದಾಗ, ಕಂಪನಿ ಅವನ ನೆರವಿಗೂ ಬರಲಿಲ್ಲ. ಮೂರು ವರ್ಷದ ನಂತರ ನಿಜಾಮ ಕಂಪನಿಯ ಸೈನ್ಯವನ್ನು ತನ್ನ ಖರ್ಚಿನಲ್ಲಿ ತನ್ನ ನೆಲದಲ್ಲಿ ಇಟ್ಟುಕೊಳ್ಳಲು ಒಪ್ಪಿದ. ಹೈದರಾಬಾದಿನ ಸ್ವಂತ ಧ್ವನಿ ಅಲ್ಲಿಗೆ ಮುಗಿಯಿತು.

ಈ ಇಪ್ಪತ್ತೊಂಬತ್ತು ವರ್ಷಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಇಂದಿನ ಕಾಗದಗಳನ್ನು ಓದಿದರೆ ಹಲವು ವಿಷಯ ತಿಳಿಯಾಗುತ್ತವೆ. ನ್ಯಾಟೊದ ಐದನೇ ಕಲಮು ಪ್ರತಿ ಸದಸ್ಯನೂ ಯುದ್ಧಕ್ಕೆ ಇಳಿಯಲೇಬೇಕು ಎನ್ನುವುದಿಲ್ಲ. ತನಗೆ ಅಗತ್ಯವೆಂದು ಕಂಡ ಕ್ರಮವನ್ನು ಕೈಗೊಳ್ಳಬೇಕು ಎನ್ನುತ್ತದೆ. ಏನು ಅಗತ್ಯ ಎಂದು ತೀರ್ಮಾನಿಸುವವನು ಅವನೇ. ಇಷ್ಟು ದಿನ ಆ ಕಲಮಿಗೆ ಜೀವ ಕೊಟ್ಟದ್ದು ಕಾಗದದ ಅಕ್ಷರವಲ್ಲ, ಯುರೋಪಿನ ನೆಲದಲ್ಲಿ ನಿಂತಿದ್ದ ಅಮೆರಿಕದ ಸೈನಿಕರು. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಸೇರಿದ ಸದಸ್ಯರು, 2035ರ ಹೊತ್ತಿಗೆ ತಮ್ಮ ದೇಶದ ಒಟ್ಟು ಉತ್ಪನ್ನದ ಶೇ 5ರಷ್ಟನ್ನು ರಕ್ಷಣೆಗೆ ಮತ್ತು ಅದಕ್ಕೆ ಸಂಬಂಧಿಸಿದ ಕೆಲಸಗಳಿಗೆ ಖರ್ಚು ಮಾಡುವ ಗುರಿ ಹಾಕಿಕೊಂಡರು. ಅಮೆರಿಕ ಬಾರದೇ ಹೋದರೆ ಎಂಬ ಭಯ ಆ ಅಂಕಿಯೊಳಗಿದೆ. ರಷ್ಯಾ ಕಟ್ಟಿದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯಲ್ಲಿದ್ದ ಅರ್ಮೇನಿಯಾಕ್ಕೆ ಆ ಭಯ ನಿಜವೇ ಆಯಿತು. ಅಜರ್‌ಬೈಜಾನಿನ ಸೈನ್ಯ ತನ್ನ ಗಡಿಯೊಳಗೆ ಬಂದಾಗ ಅದು ಮಿತ್ರರನ್ನು ಕರೆದಿತ್ತು, ಬೇಕಾದ ನೆರವು ಬರಲಿಲ್ಲ. 2024ರಲ್ಲಿ ಅದು ಆ ಸಂಘಟನೆಯಲ್ಲಿ ಪಾಲ್ಗೊಳ್ಳುವುದನ್ನೇ ನಿಲ್ಲಿಸಿತು. ಕತಾರಿನಲ್ಲಿ ಅಮೆರಿಕದ ದೊಡ್ಡ ವಾಯುನೆಲೆಯಿದೆ; ಆದರೂ 2025ರ ಸೆಪ್ಟೆಂಬರ್ 9ರಂದು ದೋಹಾದ ಮೇಲೆ ಇಸ್ರೇಲಿನ ಬಾಂಬು ಬಿತ್ತು. ಎಂಟೇ ದಿನಕ್ಕೆ, ಸೆಪ್ಟೆಂಬರ್ 17ರಂದು, ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ಪರಸ್ಪರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಮೇಲಿನ ದಾಳಿ ಇಬ್ಬರ ಮೇಲಿನ ದಾಳಿ ಎಂದು ಅದರಲ್ಲೂ ಬರೆದಿದೆ.

ದೊಡ್ಡ ಮಿತ್ರನ ಮೇಲಿನ ನಂಬಿಕೆ ಸಡಿಲವಾದಾಗ ಇಂಥ ಹೊಸ ಜೋಡಿಗಳು ಹುಟ್ಟುತ್ತವೆ. ಮುಂದಿನ ದಶಕದಲ್ಲಿ ನಾವು ನೋಡುವುದು ಇದನ್ನೇ ಎಂದು ನನ್ನ ಎಣಿಕೆ. ಎರಡೇ ಬಣಗಳಾಗಿ ಜಗತ್ತು ಒಡೆದಿದ್ದ ಕಾಲ ಹಿಂದಕ್ಕೆ ಬರುವುದಿಲ್ಲ. ಹದಿನೆಂಟನೇ ಶತಮಾನದ ದಖ್ಖನಿನಂತೆ, ಒಂದು ಕೆಲಸಕ್ಕೆ ಒಬ್ಬ ಜೊತೆಗಾರ, ಇನ್ನೊಂದಕ್ಕೆ ಮತ್ತೊಬ್ಬ, ಇಂದಿನ ಗೆಳೆಯ ನಾಳೆ ಎದುರು ಸಾಲಿನಲ್ಲಿ ಎಂಬ ಸ್ಥಿತಿ ಬರುತ್ತಿದೆ.

ಮಿತ್ರರ ಒಪ್ಪಂದಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ನಮ್ಮದೇ ಜಿಲ್ಲೆಯ ಕಡಲಿನಲ್ಲಿ ಒಂದು ಸಾಕ್ಷಿಯಿದೆ. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ 1498ರಲ್ಲಿ ವಾಸ್ಕೊ ಡ ಗಾಮಾ ನಿಂತು ಹೋಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದರು. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿಯನ್ನು ಇಂಗ್ಲೆಂಡಿನ ರಾಜನಿಗೆ ಕೊಟ್ಟು, ಬಳುವಳಿಯಾಗಿ ಮುಂಬಯಿ ದ್ವೀಪವನ್ನೂ ಕೊಡುವ ಒಪ್ಪಂದವಾಯಿತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಬಂದ ಇಂಗ್ಲಿಷ್ ಸೈನಿಕರಿಗೆ ಇಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಮುಂಬಯಿ ಬಿಟ್ಟುಕೊಡಲು ನಿರಾಕರಿಸಿದರು. ನೂರಾರು ಸೈನಿಕರು ಅಂಜದೀವಿನಲ್ಲಿ ಕಾಯುತ್ತ ಕುಳಿತರು. ಮಳೆ, ಜ್ವರ, ಹಸಿವಿಗೆ ಬಹುಪಾಲು ಮಂದಿ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಅಲ್ಲೇ ತೀರಿಕೊಂಡ. ಎರಡು ರಾಜಮನೆತನಗಳ ಮದುವೆಯ ಒಪ್ಪಂದದ ಬೆಲೆಯನ್ನು ಕಾರವಾರದ ಕಡಲಲ್ಲಿ ಹೆಸರಿಲ್ಲದ ಸಿಪಾಯಿಗಳು ತೆತ್ತರು.

ಮೂರು ಶತಮಾನದ ನಂತರ ಅದೇ ದ್ವೀಪ ಮತ್ತೊಮ್ಮೆ ಮಿತ್ರತ್ವಗಳನ್ನು ಒರೆಗೆ ಹಚ್ಚಿತು. 1961ರ ಡಿಸೆಂಬರಿನಲ್ಲಿ ಭಾರತ ಗೋವೆಯನ್ನು ಬಿಡಿಸಿಕೊಳ್ಳಲು ಹೊರಟಾಗ, ಪೋರ್ಚುಗಲ್ಲಿನ ಬಳಿ ಎರಡು ದೊಡ್ಡ ಕಾಗದಗಳಿದ್ದವು. ಒಂದು, 1373 ಮತ್ತು 1386ರಿಂದ ನಡೆದುಬಂದ ಇಂಗ್ಲೆಂಡಿನೊಡನೆಯ ಸಂಧಿ, ಜಗತ್ತಿನಲ್ಲಿ ಇನ್ನೂ ಜಾರಿಯಲ್ಲಿರುವ ಅತಿ ಹಳೆಯ ಮಿತ್ರತ್ವ. ಇನ್ನೊಂದು ನ್ಯಾಟೊ, ಪೋರ್ಚುಗಲ್ ಅದರ ಸ್ಥಾಪಕ ಸದಸ್ಯ. ಎರಡೂ ಕೈಕೊಟ್ಟವು. ನ್ಯಾಟೊದ ಆರನೇ ಕಲಮು ರಕ್ಷಣೆಯ ಎಲ್ಲೆಯನ್ನು ಉತ್ತರ ಅಟ್ಲಾಂಟಿಕ್ ಸೀಮೆಗೆ ಕಟ್ಟಿಹಾಕಿದ್ದರಿಂದ ಗೋವೆ ಅದರ ಹೊರಗಿತ್ತು. ಕಾಮನ್‌ವೆಲ್ತ್ ಸದಸ್ಯನಾದ ಭಾರತದ ಮೇಲೆ ಯುದ್ಧ ಮಾಡಲು ಬ್ರಿಟನ್ ಸಿದ್ಧವಿರಲಿಲ್ಲ. ಭದ್ರತಾ ಮಂಡಳಿಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಭಾರತದ ವಿರುದ್ಧ ಗೊತ್ತುವಳಿ ತಂದವು. ಏಳು ಮತ ಬಿದ್ದವು, ಆದರೆ ಸೋವಿಯತ್ ಒಕ್ಕೂಟ ತಡೆಮತ ಹಾಕಿತು. ಅದರ ಜೊತೆ ವಿರುದ್ಧವಾಗಿ ಕೈಯೆತ್ತಿದ ಮೂರು ದೇಶಗಳು ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ. ಅಂಜದೀವಿನ ಮೇಲೆ ಇಳಿದವರು ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳ ಕಾರ್ಯಾಚರಣೆಯ ನಾವಿಕರು. ಏಳು ಮಂದಿ ಅಲ್ಲಿ ಪ್ರಾಣ ಕೊಟ್ಟರು. ಸೋದೆಯ ಅರಸ ರಕ್ಷಣೆಗಾಗಿ ಒಪ್ಪಿಸಿದ್ದ ಪೋಂಡಾ, ಕಾಣಕೋಣ ಎರಡು ಶತಮಾನದ ಮೇಲೆ ಹೀಗೆ ಭಾರತಕ್ಕೆ ಸೇರಿದವು.

ಸಿಲೋನ್ ಎಂಬ ನೆರೆಯ ದೇಶದ ಆ ಒಂದು ಮತದ ಮೇಲೆ ನಾನು ಓದುಗರ ಗಮನ ಸೆಳೆಯುತ್ತೇನೆ. ತಡೆಮತಕ್ಕೆ ಸೋವಿಯತ್ ಒಕ್ಕೂಟ ತನ್ನದೇ ಕಾರಣಗಳನ್ನು ಇಟ್ಟುಕೊಂಡಿತ್ತು. ಇಂಥ ನೆರವನ್ನು ಬೇಕಾದಾಗ ಪಡೆಯುವುದು ತಪ್ಪಲ್ಲ. 1971ರ ಆಗಸ್ಟ್ 9ರಂದು, ಬಾಂಗ್ಲಾ ಯುದ್ಧಕ್ಕೆ ಮೊದಲು, ಅಲಿಪ್ತ ಭಾರತವೇ ಸೋವಿಯತ್ತಿನೊಡನೆ ಇಪ್ಪತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಆ ಡಿಸೆಂಬರಿನಲ್ಲಿ ಅಮೆರಿಕದ ಏಳನೇ ನೌಕಾಪಡೆ ಬಂಗಾಳ ಕೊಲ್ಲಿಗೆ ಬಂದಾಗ ಆ ಒಪ್ಪಂದ ನಮಗೆ ಧೈರ್ಯ ಕೊಟ್ಟಿತು. ಇಂದು ಆ ಸೋವಿಯತ್ ಒಕ್ಕೂಟವೇ ಇಲ್ಲ. ಕ್ವಾಡ್ ಕೂಟದಲ್ಲಿ ನಮ್ಮ ಪಕ್ಕ ಕೂರುವ ಅಮೆರಿಕ 2025ರ ಆಗಸ್ಟಿನಲ್ಲಿ ನಮ್ಮ ಸರಕಿನ ಮೇಲೆ ಶೇ 50ರ ಸುಂಕ ಹೇರಿತು. ದೂರದ ಬಲಿಷ್ಠರು ಬರುತ್ತಾರೆ, ಹೋಗುತ್ತಾರೆ. ಶ್ರೀಲಂಕಾ, ಮಾಲ್ದೀವ್ಸ್, ನೇಪಾಳ, ಬಾಂಗ್ಲಾದೇಶ ಎಲ್ಲಿಗೂ ಹೋಗುವುದಿಲ್ಲ.

ಈ ದೃಷ್ಟಿಯಿಂದ ಕಾರವಾರದಲ್ಲಿ 2025ರ ಏಪ್ರಿಲ್ 5ರಂದು ನಡೆದದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಕದಂಬ ನೌಕಾನೆಲೆಯಿಂದ ಅಂದು ಹೊರಟ ಐಎನ್‌ಎಸ್ ಸುನಯನಾ ಹಡಗಿನಲ್ಲಿ ಹಿಂದೂ ಮಹಾಸಾಗರದ ಒಂಬತ್ತು ದೇಶಗಳ 44 ನಾವಿಕರಿದ್ದರು. ಕೊಮೊರೊಸ್, ಕೀನ್ಯಾ, ಮಡಗಾಸ್ಕರ್, ಮಾಲ್ದೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಷೆಲ್ಸ್, ಶ್ರೀಲಂಕಾ, ತಾಂಜಾನಿಯಾ. ಅದರ ಹಿಂದಿನ ವರ್ಷವೇ ಭಾರತದ ಸೈನಿಕರು ಹೊರಡಬೇಕು ಎಂದು ಮಾಲ್ದೀವ್ಸ್ ಹೇಳಿ, ಅವರ ಜಾಗಕ್ಕೆ ತಾಂತ್ರಿಕ ಸಿಬ್ಬಂದಿ ಹೋಗಿದ್ದರು. ಭಾರತ ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ, ಮಾತು ಮುಂದುವರಿಸಿತು. ಕೆಳದಿ, ಸೋದೆ, ಬಿಳಗಿ, ಗೇರುಸೊಪ್ಪೆ ಮಾಡದೇ ಹೋದದ್ದು ಇದನ್ನೇ. ಈ ಹಡಗಿನಲ್ಲಿ ಆಫ್ರಿಕದ ಪೂರ್ವ ಕರಾವಳಿಯ ದೇಶಗಳವರೂ ಇದ್ದರೆಂಬುದು ಯಲ್ಲಾಪುರದ ಕಾಡಂಚಿನಲ್ಲಿ ಬದುಕುವ ನಮ್ಮ ಸಿದ್ದಿ ಸಮುದಾಯವನ್ನು ನೆನಪಿಸುತ್ತದೆ. ಅವರ ಪೂರ್ವಜರಲ್ಲಿ ಅನೇಕರು ಅದೇ ಕರಾವಳಿಯಿಂದ ಪೋರ್ಚುಗೀಸರು ಗುಲಾಮರಾಗಿ ತಂದವರು, ಗೋವೆಯಿಂದ ತಪ್ಪಿಸಿಕೊಂಡು ಈ ಕಾಡಿಗೆ ಬಂದವರು. ಅರಸ ಗೋವೆಗೆ ಓಡಿದ ನಾಡಿಗೆ ಗೋವೆಯಿಂದ ಓಡಿಬಂದವರೂ ಇದ್ದರು.

ಕದಂಬ ನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಅದು ನೌಕಾಪಡೆಯ ಸೇವೆಗೆ ಸೇರಿತು. ಅದಕ್ಕಾಗಿ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವು. ರಕ್ಷಣೆಯ ಬೆಲೆ ತೆರುವುದು ಯಾರು ಎಂಬ ಪ್ರಶ್ನೆಯನ್ನು ದೆಹಲಿಯಲ್ಲಿ ಕುಳಿತು ಬರೆಯುವವರು ಸುಲಭವಾಗಿ ದಾಟಿಬಿಡುತ್ತಾರೆ. ಈ ಜಿಲ್ಲೆಯಲ್ಲಿ ಬದುಕುವವರು ದಾಟಲಾರರು.

ನನ್ನ ತೀರ್ಮಾನ ಇಷ್ಟು. ಭಾರತ ಯಾವ ದೊಡ್ಡ ಬಣಕ್ಕೂ ತನ್ನ ನೆಲದ ಕಾವಲನ್ನು ಒಪ್ಪಿಸಬಾರದು. ಅಂಥ ಕಾವಲು ನಿಜಾಮನ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಆದರೆ ನೆರೆಯ ಸಣ್ಣ ದೇಶಗಳೊಡನೆ ಒಟ್ಟಾಗಿ ಕಡಲು ಕಾಯುವ ಏರ್ಪಾಟು ಈಗಿರುವುದಕ್ಕಿಂತ ಗಟ್ಟಿಯಾಗಬೇಕು. 2024ರ ಆಗಸ್ಟಿನಲ್ಲಿ ಕೊಲಂಬೊದಲ್ಲಿ ಸಹಿಯಾದ ಭದ್ರತಾ ಸಮಾವೇಶದ ಸನ್ನದು ಒಳ್ಳೆಯ ಆರಂಭ. ಅದಕ್ಕೆ ಹಣ, ಹಡಗು, ಕಾಯಂ ಸಿಬ್ಬಂದಿ ಬೇಕು. ಸಣ್ಣವರಿಗೆ ಅಲ್ಲಿ ಸರಿಸಮನಾದ ಕುರ್ಚಿ ಸಿಗಬೇಕು, ಏಕೆಂದರೆ ಅವರ ಕಣ್ಣಿಗೆ ನಾವೇ ಹೈದರರಾಗಿ ಕಾಣುವ ಅಪಾಯವಿದೆ. ನೌಕಾನೆಲೆಗೆ ನೆಲ ಕೊಟ್ಟವರಲ್ಲಿ ಇನ್ನೂ ಪರಿಹಾರ ಬಾಕಿಯಿರುವವರಿದ್ದರೆ ಅದನ್ನು ಸರಕಾರ ಮೊದಲು ತೀರಿಸಲಿ. ಮತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೇಷ್ಟರುಗಳಲ್ಲಿ ಒಂದು ವಿನಂತಿ: ಮಕ್ಕಳನ್ನು ಪ್ರವಾಸಕ್ಕೆ ಗೋವೆಗೆ ಕರೆದೊಯ್ಯುವ ಮುಂಚೆ ಒಂದು ದಿನ ಸೋದೆಯ ಕೋಟೆಗೆ, ಬಿಳಗಿಯ ಬಸದಿಗೆ ಕರೆದುಕೊಂಡು ಹೋಗಿ, ಈ ಕಥೆ ಹೇಳಿ.